ಬಿಜೆನ್, ಸೋಶೂ, ಮಿನೋ: ಯಾವ ಕುಲುಮೆಯಿಂದ ಶುರು ಮಾಡೋದು?

ಜಪಾನಿನ ಕತ್ತಿ ಕಮ್ಮಾರರ ಬಗ್ಗೆ ಓದಬೇಕು, ಎಲ್ಲಿಂದ ಹಿಡಿಯಲಿ ಅಂತ ಕೇಳಿದ್ದೀರಿ. ಬಿಜೆನ್, ಸೋಶೂ, ಮಿನೋ ಅಂದರೆ ಕತ್ತಿಗೆ ಹೆಸರಾದ ಮೂರು ಹಳೆಯ ಪ್ರಾಂತಗಳು, ಅಲ್ಲಿನ ಕಮ್ಮಾರ ಪರಂಪರೆಗಳಿಗೂ ಅದೇ ಹೆಸರು. ಮೊದಲು ದುಡ್ಡು ಕೊಟ್ಟವರು ಯಾರು ಅಂತ ನೋಡಿ.

ಸೋಶೂ ಕಮ್ಮಾರರು ಕಾಮಾಕುರಾದಲ್ಲಿ, ಶೋಗುನ್ (ಸೇನಾಡಳಿತಗಾರ) ಆಡಳಿತದ ನೆರಳಲ್ಲೇ ಬೆಳೆದವರು. ಬಿಜೆನ್‌ನ ಕಮ್ಮಾರರ ಊರು ಒಸಾಫುನೆ ರಾಜಧಾನಿಯಿಂದ ದೂರ. ಆದರೆ ಹತ್ತಿರದ ಬೆಟ್ಟಗಳಲ್ಲಿ ಕಬ್ಬಿಣದ ಮರಳು, ಪಕ್ಕದಲ್ಲೇ ಯೋಶಿಯಿ ನದಿ. ಹಾಗಾಗಿ ಒಬ್ಬ ಧಣಿ ಬಿದ್ದರೂ ಕುಲುಮೆ ಆರಲಿಲ್ಲ. ಕೊನೆಗೆ ಅದನ್ನು ಮುಳುಗಿಸಿದ್ದು 16ನೇ ಶತಮಾನದ ಕೊನೆಯ ನೆರೆ, ಅದೇ ನದಿಯದ್ದು! ಮಿನೋದ ಸೆಕಿ ಊರಿಗೆ ಅಂತರ್ಯುದ್ಧವೇ ಅನ್ನದಾತ: ದೈಮ್ಯೋಗಳ (ಪ್ರಾಂತಗಳ ಪಾಳೆಯಗಾರರ) ಕಾಲಾಳುಗಳಿಗೆ ರಾಶಿಗಟ್ಟಲೆ ಅಗ್ಗದ ಕತ್ತಿ, ಸರದಾರರಿಗೆ ಹೇಳಿ ಮಾಡಿಸಿದ್ದು ಬೇರೆ.

ಗುರುತು ಹಿಡಿಯುವುದು? ಅಲಗಿನ ಅಂಚಿನ ಹದದ ಗೆರೆ, ಅಂದರೆ ಹಾಮೊನ್ ನೋಡಿ. ಬಿಜೆನ್‌ನಲ್ಲಿ ಲವಂಗದ ಮೊಗ್ಗುಗಳನ್ನು ಸಾಲಾಗಿ ಜೋಡಿಸಿದಂತೆ ಕಾಣುತ್ತದೆ, ಹೊಸಬರಿಗೂ ಸಿಕ್ಕಿಬಿಡುತ್ತದೆ. ಮಿನೋದ ಕಮ್ಮಾರ ಕಾನೆಮೊಟೊನ ಗೆರೆಯಲ್ಲಿ ಮೂರು ಮೂರು ದೇವದಾರು ತುದಿಗಳು. ಸೋಶೂ ಕಷ್ಟ: ಬೆಳಕಿಗೆ ಓರೆ ಹಿಡಿದರೆ ಮಿನುಗುವ ಉಕ್ಕಿನ ಕಣಗಳನ್ನು ಓದಬೇಕು. ಸೋಶೂವಿನ ಹೆಸರಾಂತ ಕಮ್ಮಾರ ಮಾಸಾಮುನೆ ಸಹಿ ಹಾಕಿದ ಅಲಗುಗಳೂ ತೀರಾ ವಿರಳ, ಯಾವುದು ಅವನದ್ದು ಎಂಬ ವಾದಕ್ಕೆ ಕೊನೆಯಿಲ್ಲ.

ಕಣ್ಣು ಪಳಗಿಸಬೇಕೆಂದರೆ ಬಿಜೆನ್. ಇವತ್ತಿಗೂ ಉಳಿದುಬಂದ ಅಲಗುಗಳೂ ಹೇರಳ. ಅಧಿಕಾರ ಮತ್ತು ಕಸುಬಿನ ನಂಟು ಬೇಕಿದ್ದರೆ ಸೋಶೂ. ಯುದ್ಧದ ಮಾರುಕಟ್ಟೆ ಅರಿಯಲು ಮಿನೋ. ನನಗಂತೂ ಸೆಕಿಯ ಮೇಲೆ ಒಂಚೂರು ಪಕ್ಷಪಾತ: 1876ರಲ್ಲಿ ಕತ್ತಿ ಧರಿಸುವುದೇ ನಿಷೇಧವಾಯಿತು, ಆದರೂ ಆ ಊರು ಇವತ್ತಿಗೂ ಅಡುಗೆಮನೆ ಚಾಕು ಮಾಡುತ್ತಿದೆ.