ಕೀಲಿ ಹಾಗೇ ನೇತಾಡುತ್ತಿತ್ತು

ಭಾನುವಾರ ಬೆಳಗ್ಗೆ ಇನ್ನೂ ಆರು ಹೊಡೆದಿರಲಿಲ್ಲ. ಬಾಗಲಕೋಟೆಯ ತವರುಮನೆಯಲ್ಲಿ ಎಲ್ಲರೂ ಸುಸ್ತಾಗಿ ಮಲಗಿದ್ದೆವು. ಹಿಂದಿನ ದಿನವಷ್ಟೇ ತಮ್ಮನ ಹೆಂಡತಿಯ ಕುಬಸ (ಸೀಮಂತ) ಮುಗಿದಿತ್ತು. ಫೋನ್ ಬಡಿದುಕೊಂಡಿತು. ಪುಣೆಯಿಂದ ನಮ್ಮ ಎದುರುಮನೆ ಕಾಕು. ಅವರು ಎಂದೂ ಅಷ್ಟು ಹೊತ್ತಿಗೆ ಫೋನ್ ಮಾಡುವವರಲ್ಲ. "ತುಮ್ಚ್ಯಾ ಘರೀ..." (ನಿಮ್ಮ ಮನೆಯಲ್ಲಿ...) ಅಂದವರು ಮುಂದೆ ಮಾತೇ ಆಡಲಿಲ್ಲ. ನನ್ನ ಎದೆ ಧಸಕ್ ಅಂದಿತು.

ಆಮೇಲೆ ಅವರ ಮಗ ಫೋನ್ ತೆಗೆದುಕೊಂಡು ಹೇಳಿದ. ಹಾಲು ತೆಗೆದುಕೊಳ್ಳಲು ಕಾಕು ಬಾಗಿಲು ಎಳೆದರೆ ತೆರೆಯಲೇ ಇಲ್ಲವಂತೆ. ಹೊರಗಿನಿಂದ ಯಾರೋ ಚಿಲಕ ಹಾಕಿದ್ದರು. ನಮ್ಮ ಮಹಡಿಯಲ್ಲಿ ನಾಲ್ಕು ಮನೆ. ನಮ್ಮದೊಂದು ಬಿಟ್ಟು ಉಳಿದ ಮೂರಕ್ಕೂ ಹೊರಚಿಲಕ! ಹಾಲಿನವನು ಬಂದು ಚಿಲಕ ತೆಗೆದ ಮೇಲೆ ಕಾಕು ಹೊರಗೆ ಬಂದು ನೋಡಿದರೆ, ನಮ್ಮ ಮನೆ ಬಾಗಿಲು ಅರ್ಧ ತೆರೆದಿತ್ತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬಾಗಿಲಿಗೆ ಹೊರಗೊಂದು ಚಿಲಕ ಇದ್ದರೆ, ಅದು ಬೇಕಾಗಿಲ್ಲದಿದ್ದರೆ ಇವತ್ತೇ ಬಿಚ್ಚಿಸಿಬಿಡಿ. ರಾತ್ರಿ ಸದ್ದು ಕೇಳಿ ನೀವು ಎದ್ದರೂ ಹೊರಗೆ ಬರಲಾಗದ ಹಾಗೆ ಮಾಡಲು ಕಳ್ಳರಿಗೆ ಅದೇ ಸಾಧನ. ಕಾಕುಗೆ ರಾತ್ರಿ ಎರಡರ ಸುಮಾರಿಗೆ ಏನೋ ಕರಕರ ಅಂದ ಹಾಗಾಗಿತ್ತಂತೆ. ಮೇಲಿನ ಮನೆಯವರು ಮಂಚ ಎಳೆಯುತ್ತಿದ್ದಾರೆ ಅಂದುಕೊಂಡು ಮಗ್ಗಲು ಬದಲಿಸಿದರಂತೆ. ಅವರನ್ನು ಏನಂತ ಅನ್ನೋದು? ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

"ಒಳಗೆ ಕಾಲಿಡಬೇಡಿ, 112ಕ್ಕೆ ಫೋನ್ ಮಾಡಿ" ಅಂತ ಇವರು ಕಾಕುಗೆ ಹೇಳಿದರು. ನಾವು ಸಿಕ್ಕ ಬಸ್ಸು ಹತ್ತಿದೆವು. ವಿಜಯಪುರ, ಸೊಲ್ಲಾಪುರ ದಾಟಿ ಸ್ವಾರ್‌ಗೇಟಿನಲ್ಲಿ ಇಳಿಯುವಾಗ ಸಂಜೆಯಾಗಿತ್ತು. ಅಲ್ಲಿಂದ ಧನಕವಡಿಯ ನಮ್ಮ ಮನೆಗೆ ರಿಕ್ಷಾ. ದಾರಿಯುದ್ದಕ್ಕೂ ನಾನು ಒಂದೇ ಮಾತು ಹೇಳುತ್ತಿದ್ದೆ, "ಅಷ್ಟು ದೊಡ್ಡ ಕೀಲಿ ಹೆಂಗ್ ಒಡದ್ರು?"

ಒಡೆದಿರಲೇ ಇಲ್ಲ.

ನೀವು ಬೀಗ ಅನ್ನುತ್ತೀರೇನೋ, ನಮ್ಮ ಕಡೆ ಕೀಲಿ. ರವಿವಾರ ಪೇಠೆಯ ಬೋಹ್ರಿ ಆಳಿಗೆ ಹೋಗಿ, ಅಂಗಡಿ ಅಂಗಡಿ ತಿರುಗಿ, 1,100 ರೂಪಾಯಿ ಕೊಟ್ಟು ತಂದ ಏಳು ಲಿವರಿನ (ಕೀಲಿಕೈ ಎತ್ತಬೇಕಾದ ಏಳು ತಗಡು ಒಳಗಿರುವ) ಕೀಲಿ. ಒಂದು ಕೈಯಲ್ಲಿ ಹಿಡಿದರೆ ಇನ್ನೊಂದು ಕೈ ಆಸರೆ ಬೇಡುವಷ್ಟು ಭಾರ. ಅದು ಹಾಕಿದ್ದು ಹಾಕಿದ ಹಾಗೇ, ಕೊಂಡಿಯಲ್ಲಿ ನೇತಾಡುತ್ತಿತ್ತು. ಮೈಮೇಲೆ ಒಂದು ಗೀರೂ ಇಲ್ಲ. ಅದು ನೇತಾಡುತ್ತಿದ್ದ ಕೊಂಡಿಯೇ ಸೇಫ್ಟಿ ಡೋರಿನಿಂದ ಕಿತ್ತು ಬಂದಿತ್ತು. ನೆಲದ ಮೇಲೆ ನಾಲ್ಕು ಸ್ಕ್ರೂ, ಒಂದು ಚಿಟಿಕೆ ಕಟ್ಟಿಗೆ ಹೊಟ್ಟು. ಅಷ್ಟೇ.

ಮರಾಠಿ ಪೇಪರಿನಲ್ಲಿ ಮನೆಗಳ್ಳತನದ ಸುದ್ದಿ ಬಂದಾಗಲೆಲ್ಲ "ಕಡೀ-ಕೋಯಂಡಾ ತೋಡೂನ್" ಅಂತ ಬರೆದಿರುತ್ತಾರೆ. ಅಂದರೆ ಚಿಲಕ, ಕೊಂಡಿ ಮುರಿದು ಅಂತ. ಪುಣೆಗೆ ಬಂದು ಹನ್ನೊಂದು ವರ್ಷದಲ್ಲಿ ಆ ಮಾತನ್ನು ಎಷ್ಟು ಸಲ ಓದಿದ್ದೇನೋ. ಕೀಲಿ ಒಡೆದು ಅಂತ ಯಾಕೆ ಬರೆಯುವುದಿಲ್ಲ ಅಂತ ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ.

ಮರುದಿನ ಬಂದ ಬಡಗಿ ನೆಲದ ಮೇಲಿನ ಅಂಥದ್ದೇ ಒಂದು ಸ್ಕ್ರೂ ಎತ್ತಿ ತನ್ನ ಹೆಬ್ಬೆರಳ ಉಗುರಿನ ಮೇಲೆ ಇಟ್ಟು ತೋರಿಸಿದ. ಉಗುರಿಗಿಂತ ಉದ್ದ ಇರಲಿಲ್ಲ. ಅರ್ಧ ಇಂಚು. "ವಹಿನಿ, ಕೀಲಿಗೆ ಸಾವಿರ ಕೊಟ್ರಿ, ಇದಕ್ಕೆಷ್ಟು ಕೊಟ್ರಿ?" ಅಂತ ಕೇಳಿದ. ಕೊಂಡಿಗೆ ನಲವತ್ತು ರೂಪಾಯಿ. ಸ್ಕ್ರೂ ಅದರ ಜೊತೆಗೇ ಪೊಟ್ಟಣದಲ್ಲಿ ಬಂದಿದ್ದವು. ಲಿವರ್ ಜಾಸ್ತಿ ಇದ್ದರೆ ಕಳ್ಳಕೈ, ಅಂದರೆ ಕಳ್ಳ ಕೀಲಿಕೈ, ಮಾಡಿ ತೆರೆಯುವುದು ಕಷ್ಟವಾಗುತ್ತದೆ, ನಿಜ. ಆದರೆ ಕೊಂಡಿಯ ಹಿಂದೆ ಒಂದು ಸರಳು ತೂರಿಸಿ ಮೀಟುವವನಿಗೆ ಒಳಗೆ ಏಳು ಲಿವರ್ ಇದ್ದರೇನು, ಎಪ್ಪತ್ತಿದ್ದರೇನು? ಅವನು ಎಳೆಯುತ್ತಿರುವುದು ಅರ್ಧ ಇಂಚಿನ ನಾಲ್ಕು ಸ್ಕ್ರೂಗಳನ್ನು. ಅದೂ ಮಳೆಗಾಲದ ತೇವ ಕುಡಿದು ಕುಡಿದು ಮೆತ್ತಗಾದ ಕಟ್ಟಿಗೆಯಿಂದ.

ಸರಿ, ಸೇಫ್ಟಿ ಡೋರ್ ಹೋಯಿತು. ಒಳಗೆ ಇನ್ನೊಂದು ಬಾಗಿಲಿತ್ತಲ್ಲ? ಇತ್ತು. ಅದರಲ್ಲಿ ನೈಟ್ ಲ್ಯಾಚ್. ಇಲ್ಲಿ ತಪ್ಪು ಪೂರ್ತಿ ನಮ್ಮದೇ. ಈ ಲ್ಯಾಚಿನ ನಾಲಿಗೆಗೆ ಒಂದು ಮಗ್ಗಲು ಓರೆಯಾಗಿರುತ್ತದೆ. ಬಾಗಿಲು ಎಳೆದಾಗ ಆ ಓರೆ ಮಗ್ಗಲು ಚೌಕಟ್ಟಿನ ತಗಡಿಗೆ ತಾಗಿ, ನಾಲಿಗೆ ಒಳಗೆ ಸರಿದು, ಆಮೇಲೆ ಸ್ಪ್ರಿಂಗಿನ ಬಲದಿಂದ ಹೊರಗೆ ಚಿಮ್ಮಿ ಕೂಡುತ್ತದೆ. "ಟಕ್" ಅನ್ನುತ್ತದಲ್ಲ, ಅದೇ. ಆ ಸದ್ದು ಕೇಳಿದರೆ ಸಾಕು, ಬಾಗಿಲು ಹಾಕಿಯಾಯಿತು ಅಂತ ನಮಗೆ ಸಮಾಧಾನ. ಆದರೆ ತಗಡು ತಾಗಿದಾಗ ಒಳಗೆ ಸರಿಯುವ ನಾಲಿಗೆ, ಸಂದಿಯಿಂದ ಬೇರೆ ಯಾವುದೋ ತೆಳ್ಳಗಿನ ವಸ್ತು ತಾಗಿದರೂ ಸರಿಯುತ್ತದೆ, ಅಲ್ವಾ? ಕೀಲಿಕೈಯನ್ನು ಮತ್ತೊಂದು ಸುತ್ತು ತಿರುಗಿಸಿದರೆ ಆ ನಾಲಿಗೆ ಬಿಗಿಯಾಗಿ ನಿಲ್ಲುವ ಏರ್ಪಾಡು ನಮ್ಮ ಲ್ಯಾಚಿನಲ್ಲೇ ಇತ್ತು. ಹನ್ನೊಂದು ವರ್ಷದಲ್ಲಿ ನಾವು ಅದನ್ನು ಒಂದು ಸಲವೂ ತಿರುಗಿಸಿರಲಿಲ್ಲ. ಅವತ್ತಂತೂ ಸ್ವಾರ್‌ಗೇಟಿಗೆ ಓಡುವ ಗಡಿಬಿಡಿ. ಇವರು ಬಾಗಿಲು ಎಳೆದರು, ಟಕ್ ಅಂತು, ಹೊರಟೆವು.

ಬಡಗಿ ನಮ್ಮ ಕಣ್ಣೆದುರೇ ಅದೇ ಬಾಗಿಲು ಎಳೆದುಕೊಂಡು ಹೊರಗೆ ನಿಂತು ತೆರೆದು ತೋರಿಸಿದ. ನಾನು ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಹದಿನಾಲ್ಕು ಎಣಿಸುವಷ್ಟರಲ್ಲಿ ಒಳಗೆ ಬಂದಿದ್ದ. ಆಮೇಲೆ ಎರಡು ಸುತ್ತು ಕೀಲಿಕೈ ತಿರುಗಿಸಲು ಹೇಳಿ ಮತ್ತೆ ಪ್ರಯತ್ನಿಸಿದ. ಆ ದಾರಿಯಿಂದ ಆಗಲಿಲ್ಲ. "ಆದ್ರೆ ಹಾರೆ ಹಾಕಿದ್ರೆ ಈ ಚೌಕಟ್ಟು ಎಷ್ಟೊತ್ತು ತಡೀತದ ಅಂತ ಕೇಳಬ್ಯಾಡ್ರಿ" ಅಂದ. ಕಲಬುರಗಿ ಕಡೆಯವನು, ಕನ್ನಡದಲ್ಲೇ ಹೆದರಿಸಿದ.

ನನ್ನ ಮಗನಿಗೆ ಇಂಥದ್ದರಲ್ಲಿ ಆಸಕ್ತಿ ಜಾಸ್ತಿ. ಲ್ಯಾಚಿನ ಒಳಗೆ ಸಾಲಾಗಿ ಸಣ್ಣ ಪಿನ್ನುಗಳಿರುತ್ತವಂತೆ, ಸರಿಯಾದ ಕೀಲಿಕೈ ಹಾಕಿದರೆ ಅದರ ಹಲ್ಲುಗಳು ಎಲ್ಲಾ ಪಿನ್ನುಗಳನ್ನೂ ಒಂದೇ ಗೆರೆಗೆ ಎತ್ತುತ್ತವಂತೆ, ಆಗ ಮಾತ್ರ ತಿರುಗುತ್ತದಂತೆ. ಅಮೆರಿಕದ ಲೈನಸ್ ಯೇಲ್ ಅನ್ನುವವನು 1860ರ ದಶಕದಲ್ಲಿ ಪೇಟೆಂಟ್ ಮಾಡಿಸಿದ ವಿನ್ಯಾಸ, ಇವತ್ತಿಗೂ ಮನೆಮನೆಯಲ್ಲೂ ಅದೇ ನಡೆದಿದೆ ಅಂತ ವಿವರಿಸಿದ. ಪಿನ್ನುಗಳನ್ನು ಕುಣಿಸಿ ತೆರೆಯುವ ಕಳ್ಳಕೈಗಳೂ ಇವೆಯಂತೆ. ಇರಲಿ ಬಿಡು ಅಂದೆ. ನಮ್ಮ ಮನೆಗೆ ಬಂದವರಿಗೆ ಆ ವಿದ್ಯೆ ಬೇಕಾಗಿಯೇ ಇರಲಿಲ್ಲ.

ಒಳಗಿನ ಸ್ಥಿತಿ ಪೂರ್ತಿ ಬರೆಯಲು ಈಗಲೂ ಮನಸ್ಸಿಲ್ಲ. ತಿಜೋರಿಯ ಕೀಲಿಕೈಯನ್ನು ನಾನು ಇಳಕಲ್ ಸೀರೆಯ ಮಡಿಕೆಯಲ್ಲಿ ಇಡುತ್ತಿದ್ದೆ. ಎಲ್ಲಾ ಸೀರೆಗಳನ್ನೂ ಕೊಡವಿ ಎಸೆದಿದ್ದರು. ಅಡುಗೆಮನೆಯಲ್ಲಿ ಶೇಂಗಾ ಚಟ್ನಿಯ ಡಬ್ಬಿ ಬೋರಲಾಗಿ ಬಿದ್ದಿತ್ತು. ಹೆಂಗಸರು ಡಬ್ಬಿಗಳಲ್ಲಿ ಬಂಗಾರ ಮುಚ್ಚಿಡುತ್ತಾರೆ ಅಂತ ಅವರಿಗೂ ಗೊತ್ತು. ಹರಡಿದ ಚಟ್ನಿಪುಡಿಯ ಮೇಲೆ ಒಂದು ಬೂಟಿನ ಗುರುತು, ಹಿಮ್ಮಡಿ ಸ್ಪಷ್ಟವಾಗಿ ಮೂಡಿತ್ತು. ಬೋರಮಾಳ, ಎರಡು ಪಾಟ್ಲಿ, ಬೆಳ್ಳಿ ಕುಂಕುಮದ ಬಟ್ಟಲು, 18,000 ರೂಪಾಯಿ ನಗದು ಹೋಯಿತು. ಬೋರಮಾಳ ನಮ್ಮವ್ವನದು. ಕುಬಸಕ್ಕೆ ಹಾಕಿಕೊಂಡು ಬಾ ಅಂತ ಅವ್ವ ಎರಡು ಸಲ ಹೇಳಿದ್ದಳು. ಬಸ್ಸಿನಲ್ಲಿ ಬಂಗಾರ ಬೇಡ, ಮನೆಯಲ್ಲೇ ಭದ್ರ ಅಂತ ನಾನೇ ಬಿಟ್ಟು ಹೋಗಿದ್ದೆ.

ಪೊಲೀಸರು ಪಂಚನಾಮೆ ಮಾಡಿದರು, ಬೆರಳಚ್ಚಿನವರು ಬಂದು ಪುಡಿ ಹಚ್ಚಿ ಹೋದರು. ಹಗಲಿನಲ್ಲಿ ಆದದ್ದೋ ರಾತ್ರಿ ಆದದ್ದೋ ಅಂತ ಎರಡು ಸಲ ಕೇಳಿದರು. ಯಾಕೆ ಅಂತ ಆಮೇಲೆ ತಿಳಿಯಿತು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ ನೋಡಿ. ಅದರಲ್ಲಿ ವಾಸದ ಮನೆಯ ಕಳ್ಳತನಕ್ಕೆ 305ನೇ ಕಲಂ, ಮನೆ ಮುರಿದು ನುಗ್ಗಿದ್ದಕ್ಕೆ 331. ಸೂರ್ಯ ಮುಳುಗಿ ಮತ್ತೆ ಹುಟ್ಟುವುದರೊಳಗೆ ನುಗ್ಗಿದ್ದರೆ ಶಿಕ್ಷೆ ಜಾಸ್ತಿ. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು ಅಂತ ಕಾನೂನೇ ಇದೆ, ಕೇಳಿ ತೆಗೆದುಕೊಳ್ಳಿ. ಕೊಂಡಿಯ ಸಮೇತ ನಮ್ಮ ಕೀಲಿಯನ್ನೂ ಒಯ್ದರು. ಆ ಏಳು ಲಿವರಿನ ಗಟ್ಟಿ ಕೀಲಿ ಈಗ ಠಾಣೆಯಲ್ಲಿ ಮುದ್ದೆಮಾಲು.

ಒಡವೆಗಳ ಬಿಲ್ ಕೇಳಿದರು. ಅವ್ವನ ಮದುವೆಯ ಬೋರಮಾಳಕ್ಕೆ ನಾನೆಲ್ಲಿಂದ ಬಿಲ್ ತರಲಿ? ಕೊನೆಗೆ ನನ್ನ ಮದುವೆ ಆಲ್ಬಮ್ಮಿನಿಂದ ಒಂದು ಫೋಟೋ ಕಿತ್ತು ಕೊಟ್ಟೆ. ಅದರಲ್ಲೂ ಅರ್ಧ ಹಾರದಲ್ಲಿ ಮುಚ್ಚಿಹೋಗಿತ್ತು. ನಿಮ್ಮ ಒಡವೆ ಒಂದೊಂದನ್ನೂ ಬಿಡಿಯಾಗಿ ಇಟ್ಟು, ತೂಕ ಬರೆದು, ಫೋಟೋ ತೆಗೆದು ಇಟ್ಟುಕೊಳ್ಳಿ. ಅರ್ಧ ಗಂಟೆಯ ಕೆಲಸ.

ಆಮೇಲೆ ವಿಮೆಯ ಕಥೆ. ಗೃಹಸಾಲದ ಸಲುವಾಗಿ ಮನೆಗೆ ವಿಮೆ ಮಾಡಿಸಿದ್ದರು. ನಮಗೆ ಅದೇ ದೊಡ್ಡ ಧೈರ್ಯ. ಕಾಗದ ಹೊರಗೆ ತೆಗೆದು ನೋಡಿದರೆ ಭಾರತ್ ಗೃಹ ರಕ್ಷಾ ಪಾಲಿಸಿ. 2021ರ ಏಪ್ರಿಲ್ 1ರಿಂದ ಬಂದ, ಎಲ್ಲಾ ಕಂಪನಿಗಳಲ್ಲೂ ಒಂದೇ ಥರ ಇರುವ ಪಾಲಿಸಿ ಅದು. ಬೆಂಕಿ, ಭೂಕಂಪ, ಪ್ರವಾಹ ಇಂಥವಕ್ಕೆ ಒಳ್ಳೆಯದೇ. ಕಳ್ಳತನ ಅನ್ನುವ ಪದವೂ ಅದರಲ್ಲಿದೆ. ಇವರು ಅದಕ್ಕೆ ಬೆರಳಿಟ್ಟು "ಇಲ್ನೋಡು" ಅಂತ ಹಿಗ್ಗಿದರು. ಪೂರ್ತಿ ಓದಿದರೆ, ಅಂಥ ಬೆಂಕಿಯೋ ಪ್ರವಾಹವೋ ಆಗಿ ಏಳು ದಿನದೊಳಗೆ ಕಳ್ಳತನವಾದರೆ ಮಾತ್ರ ಅಂತ ಇದೆ. ಸುಮ್ನೆ ಬಾಗಿಲು ಮುರಿದು ಒಯ್ದರೆ ಇಲ್ಲ! ಅದಕ್ಕೆ ಕಳ್ಳತನದ ವಿಮೆಯನ್ನೇ ಬೇರೆ ಮಾಡಿಸಬೇಕು. ನಿಮ್ಮ ಕಪಾಟಿನಲ್ಲೂ ಇಂಥದ್ದೊಂದು ಕಾಗದ ಇರಬಹುದು, ತೆಗೆದು ಓದಿ.

ಉಳಿದ ಚೂರುಪಾರು ಬಂಗಾರ ಈಗ ಬ್ಯಾಂಕ್ ಲಾಕರಿನಲ್ಲಿದೆ. ಅಲ್ಲೂ ಒಂದು ಲೆಕ್ಕ ಗೊತ್ತಿರಲಿ. 2022ರ ಜನವರಿ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಬ್ಯಾಂಕಿನಲ್ಲಿ ಬೆಂಕಿ, ಕಳ್ಳತನ, ಸಿಬ್ಬಂದಿಯ ಮೋಸ ಇಂಥದ್ದಾದರೆ ಬ್ಯಾಂಕಿನ ಹೊಣೆ ಲಾಕರಿನ ವರ್ಷದ ಬಾಡಿಗೆಯ ನೂರು ಪಟ್ಟು. 2,000 ಬಾಡಿಗೆ ಇದ್ದರೆ 2 ಲಕ್ಷ. ಒಳಗೆ ಎಷ್ಟೇ ಇಟ್ಟಿರಿ, ಅಷ್ಟೇ. ಆದರೂ ನನ್ನ ಸೀರೆ ಮಡಿಕೆಗಿಂತ ಎಷ್ಟೋ ವಾಸಿ.

ಬಾಗಿಲಿಗೆ ಏನು ಮಾಡಿಸಿದೆವು ಅಂತ ಎಲ್ಲರೂ ಕೇಳುತ್ತಾರೆ. ಬೆರಳು ಒತ್ತಿದರೆ ತೆರೆಯುವ ಲಾಕ್ ಹಾಕಿಸೋಣ ಅಂತ ಇವರಿಗೆ ಆಸೆ. "ಅದನ್ನೂ ಇದೇ ಚೌಕಟ್ಟಿಗೇ ಕೂಡಸ್ಬೇಕಲ್ರಿ ಸಾಹೇಬ್ರ" ಅಂದ ಬಡಗಿ. ಮಾತು ಅಲ್ಲಿಗೇ ಮುಗಿಯಿತು. ಮೊದಲು ಚೌಕಟ್ಟನ್ನೇ ಗಟ್ಟಿ ಮಾಡಿಸಿದೆವು. ಲಾಕಿನ ನಾಲಿಗೆ ಹೋಗಿ ಕೂಡುವ ತಗಡಿಗೆ ಮೂರು ಇಂಚಿನ ಸ್ಕ್ರೂ ಹಾಕಿದ, ಚೌಕಟ್ಟು ದಾಟಿ ಗೋಡೆಗೆ ಕಚ್ಚುವ ಹಾಗೆ. ಸೇಫ್ಟಿ ಡೋರಿನ ಕೊಂಡಿಗೆ ಸ್ಕ್ರೂ ಬದಲು ಆರಪಾರ ಬೋಲ್ಟ್, ನಟ್ ಒಳಮಗ್ಗಲಿಗೆ. ಕೊಂಡಿ ಮುಚ್ಚಿದಾಗ ಬೋಲ್ಟಿನ ತಲೆ ಹೊರಗೆ ಕಾಣುವುದೂ ಇಲ್ಲ. ಬಿಲ್ಡರ್ ಕೊಟ್ಟ ಫ್ಲಶ್ ಡೋರಿನೊಳಗೆ ಗಟ್ಟಿ ಕಟ್ಟಿಗೆ ಇರಲೇ ಇಲ್ಲ, ತಟ್ಟಿದರೆ ಡಬಡಬ ಅನ್ನುತ್ತಿತ್ತು. ಅದನ್ನು ಬದಲಿಸಿ, ಕೀಲಿಕೈ ತಿರುಗಿಸಿದರೆ ಮಾತ್ರ ಚೌಕ ನಾಲಿಗೆ ಹೊರಬರುವ ಲಾಕ್ ಹಾಕಿಸಿದೆವು. ಈ ಲಾಕ್ ಟಕ್ ಅನ್ನುವುದಿಲ್ಲ. ನೀವೇ ತಿರುಗಿಸಬೇಕು. ಸೇಫ್ಟಿ ಡೋರಿನ ಬಿಜಾಗರಿಯ ಕಡ್ಡಿ ಹೊರಗಿನಿಂದ ಕಾಣುತ್ತಿತ್ತು. ಅದನ್ನು ಹೊಡೆದು ತೆಗೆದರೆ ಕೀಲಿಯ ಗೊಡವೆಯೇ ಇಲ್ಲದೆ ಬಾಗಿಲು ಕೈಗೆ ಬರುತ್ತದಂತೆ. ಅದಕ್ಕೂ ವೆಲ್ಡಿಂಗ್ ಮಾಡಿಸಿದ.

ಮನೆ ಖಾಲಿ ಇದೆ ಅಂತ ಅವರಿಗೆ ಹೇಗೆ ತಿಳಿಯಿತೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಹೊರಗೆ ನೇತಾಡುವ ದೊಡ್ಡ ಕೀಲಿಯೇ ಸಾರಿ ಹೇಳುತ್ತದೆ ಅನ್ನುತ್ತಾರೆ ಇವರು. ಎರಡು ದಿನದ ಪೇಪರ್ ಬಾಗಿಲ ಸಂದಿಯಲ್ಲೇ ಇತ್ತು. ನಾನು ಕುಬಸದ ಫೋಟೋಗಳನ್ನು ಅವತ್ತೇ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದೆ, ಬಾಗಲಕೋಟೆ ಅಂತ ಊರಿನ ಹೆಸರಿನ ಸಮೇತ. ಅದನ್ನೇ ನೋಡಿ ಬಂದರು ಅಂತ ಹೇಳಲಾರೆ. ಆದರೆ ಆ ಸ್ಟೇಟಸ್ ನೋಡಿದವರ ಪಟ್ಟಿಯಲ್ಲಿ ಪ್ಲಂಬರ್, ಹಳೆಯ ಕೆಲಸದಾಕೆ, ಹೆಸರೇ ನೆನಪಾಗದ ಒಬ್ಬ ಏಜೆಂಟ್ ಎಲ್ಲಾ ಇದ್ದರು. ಯಾರ ಮೇಲೂ ಅನುಮಾನ ಪಡಲು ಮನಸ್ಸು ಬರುವುದಿಲ್ಲ. ಪಡದೆ ಇರಲೂ ಆಗುವುದಿಲ್ಲ.

ಎಂಟು ತಿಂಗಳಾಯಿತು. ಠಾಣೆಯಿಂದ ಒಮ್ಮೆ ಕರೆ ಬಂದಿತ್ತು, ಒಂದು ಜೊತೆ ಪಾಟ್ಲಿ ಸಿಕ್ಕಿವೆ, ಗುರುತಿಸಿ ಅಂತ. ನಮ್ಮವಲ್ಲ. ಯಾರದೋ ಪಾಪ.

ಮುಂದಿನ ತಿಂಗಳು ತಮ್ಮನ ಕೂಸಿನ ಜವಳ. ನಾಲ್ಕು ಟಿಕೆಟ್ ತೆಗೆಸಿದ್ದೆ. ನಿನ್ನೆ ರಾತ್ರಿ ಊಟಕ್ಕೆ ಕುಂತಾಗ ಅತ್ತಿ ತಟ್ಟೆಯಿಂದ ತಲೆ ಎತ್ತದೆ ಹೇಳಿದರು, "ನಾ ಬರೂದಿಲ್ಲವಾ. ನೀವು ಹೋಗಿ ಬರ್ರಿ. ನಾ ಮನಿ ಕಾಯ್ತೀನಿ."