ಕೊನೆಯಲ್ಲೊಂದು ಪದಕೋಶವೋ, ಕಥೆಯೊಳಗೇ ಅರ್ಥವೋ?

ಫ್ಯಾಂಟಸಿ ಕಾದಂಬರಿ ಬರೆಯುವವರು ತಾವು ಸೃಷ್ಟಿಸಿದ ಪದಗಳ ಅರ್ಥವನ್ನು ಪುಸ್ತಕದ ಕೊನೆಯ ಪದಕೋಶದಲ್ಲಿ ಕೊಡಬಹುದು, ಇಲ್ಲವೇ ಓದುಗರು ಸಂದರ್ಭದಿಂದಲೇ ಗ್ರಹಿಸುವಂತೆ ಬರೆಯಬಹುದು.

ಪದಕೋಶದ ನಿಜವಾದ ಬೆಲೆ ತಿಳಿಯುವುದು ದೀರ್ಘ ಸರಣಿಗಳಲ್ಲಿ. ಹಿಂದಿನ ಸಂಪುಟವನ್ನು ಓದಿ ವರ್ಷಗಳು ಕಳೆದ ಮೇಲೆ ಮುಂದಿನದನ್ನು ಕೈಗೆತ್ತಿಕೊಂಡವರಿಗೆ ಮರೆತುಹೋದ ಮನೆತನಗಳನ್ನೂ ಹುದ್ದೆಗಳನ್ನೂ ಅದು ತಕ್ಷಣ ನೆನಪಿಸಿಕೊಡುತ್ತದೆ. 1965ರ ‘ಡ್ಯೂನ್’ ಕಾದಂಬರಿ (ಅದನ್ನು ವೈಜ್ಞಾನಿಕ ಕಥೆಯೆಂದು ಕರೆಯುವವರೇ ಹೆಚ್ಚು) ತನ್ನ ಪದಕೋಶವನ್ನು ಕಥೆಯಲ್ಲಿ ಬರುವ ಸಾಮ್ರಾಜ್ಯದ್ದೇ ಪರಿಭಾಷೆಯೆಂಬಂತೆ ರೂಪಿಸಿರುವುದರಿಂದ, ಅದೂ ಕಥಾಲೋಕದ ಭಾಗವಾಗಿ ಓದಿಸಿಕೊಳ್ಳುತ್ತದೆ.

ಆದರೆ ಪುಟಕ್ಕೆ ನಾಲ್ಕು ಬಾರಿ ಹಿಂದೆ ಮುಂದೆ ತಿರುವಬೇಕಾದರೆ ಕಥೆಯ ಹಿಡಿತ ತಪ್ಪುತ್ತದೆ. ಇದಕ್ಕಿಂತ ದೊಡ್ಡ ದೋಷವೆಂದರೆ, ಪಾತ್ರವೊಂದರ ಹೆಸರಿನ ಮುಂದೆ ‘ದಿವಂಗತ ದೊರೆ’ ಎಂಬ ವಿವರಣೆಯಿದ್ದರೆ ಮುಂದಿನ ತಿರುವು ಅಲ್ಲಿಯೇ ಬಯಲಾಗಿಬಿಡುತ್ತದೆ.

ಸಂದರ್ಭವನ್ನು ನಂಬುವ ದಾರಿ ಓದಿನ ಓಟವನ್ನು ಉಳಿಸುತ್ತದೆ. ಒಂದು ಪದ ಬೇರೆಬೇರೆ ಸನ್ನಿವೇಶಗಳಲ್ಲಿ ಮರಳಿ ಬಂದಾಗ ಅದರ ಅರ್ಥ ತಾನಾಗಿ ತಿಳಿಯಾಗುವ ಸುಖವೂ ಸಣ್ಣದಲ್ಲ. ಹೊಸ ಪದಗಳು ವಿಪರೀತವಾದರೆ ಮಾತ್ರ, ಪಾತ್ರಗಳು ತಮಗೆ ಗೊತ್ತಿರುವುದನ್ನೇ ಪರಸ್ಪರ ವಿವರಿಸಿಕೊಳ್ಳುವ ಕೃತಕ ಸಂಭಾಷಣೆ ನುಸುಳುತ್ತದೆ.

ಒಂದೇ ಸಂಪುಟದ ಕಥೆಗೆ ಸಂದರ್ಭವೇ ಸಾಕೆಂದು ನಾನು ಭಾವಿಸುತ್ತೇನೆ. ಸರಣಿಗಾದರೆ ಪದಕೋಶವಿರಲಿ; ಆದರೆ ಅದನ್ನು ತೆರೆಯದವರಿಗೂ ಕಥೆ ಅರ್ಥವಾಗಬೇಕು, ಅದಿದೆಯೆಂಬುದು ಪರಿವಿಡಿಯಲ್ಲಿಯೇ ಕಾಣಬೇಕು, ವಿವರಣೆಗಳು ಮೊದಲ ಅಧ್ಯಾಯದ ಹೊತ್ತಿಗೆ ಆ ಲೋಕದವರಿಗೆ ತಿಳಿದಿರುವಷ್ಟನ್ನೇ ಹೇಳಬೇಕು.