ಒಂದು ಜಿಪಿ ಸರ್ಜರಿಯ ವಿಮರ್ಶೆ: ಕಡತದಲ್ಲಿ ಭದ್ರ, ಕೌಂಟರಿನಲ್ಲಿ ಸಡಿಲ

ದಕ್ಷಿಣ ಇಂಗ್ಲೆಂಡಿನ ಒಂದು ಸಾಧಾರಣ ಗಾತ್ರದ ಊರಿನಲ್ಲಿ ನಮ್ಮ ಕುಟುಂಬ ಹಲವು ವರ್ಷಗಳಿಂದ ಹೆಸರು ನೋಂದಾಯಿಸಿಕೊಂಡಿರುವ ಜಿಪಿ ಸರ್ಜರಿಯನ್ನು, ಎಂದರೆ ಎನ್‌ಎಚ್‌ಎಸ್ ಎಂಬ ಇಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಸೇರಿದ, ಜಿಪಿ ಎನ್ನುವ ಸಾಮಾನ್ಯ ವೈದ್ಯರಿರುವ ಬಡಾವಣೆಯ ವೈದ್ಯಶಾಲೆಯನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಅಲ್ಲಿನ ವೈದ್ಯರ ಕೈಗುಣವನ್ನು ಅಳೆಯುವ ಯೋಗ್ಯತೆ ನನಗಿಲ್ಲ. ಆದರೆ ರೋಗಿಯ ಹಕ್ಕು, ಗೋಪ್ಯತೆ ಮತ್ತು ಹೊಣೆಗಳ ವಿಷಯದಲ್ಲಿ ಆ ಸರ್ಜರಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಹೇಳಲು ವೈದ್ಯಶಾಸ್ತ್ರ ಓದಿರಬೇಕಾಗಿಲ್ಲ. ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನಾನು ಕಂಡ ಕುಂದುಗಳು ಆ ಒಂದೇ ಕಟ್ಟಡದವು ಎಂದು ನನಗೆ ಅನ್ನಿಸುವುದಿಲ್ಲ. ಮೇಲಾಗಿ ಮನೆಯವರ ಆರೋಗ್ಯದ ಸಂಗತಿಗಳೂ ಇದರಲ್ಲಿ ಬೆರೆತಿವೆ. ತೀರ್ಪು ಮೊದಲೇ ಬೇಕೆನ್ನುವವರಿಗೆ ಐದರಲ್ಲಿ ಮೂರೂವರೆ ನಕ್ಷತ್ರ ಎಂದು ಹೇಳಿಬಿಡುತ್ತೇನೆ. ಕಳೆದುಕೊಂಡ ಒಂದೂವರೆ ನಕ್ಷತ್ರದಲ್ಲಿ ಬಹುಪಾಲು ಮುಂಬಾಗಿಲಿನ ಕೌಂಟರಿಗೇ ಸಲ್ಲಬೇಕು.

ನೋಂದಣಿಯಿಂದ ಆರಂಭಿಸುತ್ತೇನೆ. ಸಂದರ್ಶಕರ ವೀಸಾದ ಮೇಲೆ ಆರು ತಿಂಗಳ ಮಟ್ಟಿಗೆ ಮೈಸೂರಿನಿಂದ ಬಂದಿದ್ದ ನನ್ನ ತಾಯಿಯವರ ಹೆಸರನ್ನು ಸೇರಿಸಲು ಹೋದಾಗ ರಿಸೆಪ್ಶನಿಸ್ಟ್ ಪಾಸ್‌ಪೋರ್ಟ್, ವೀಸಾ ಮತ್ತು ವಿಳಾಸದ ಪುರಾವೆಯಾಗಿ ಒಂದು ಬಿಲ್ಲನ್ನು ಕೇಳಿದರು. ಕೇಳುವುದು ತಪ್ಪಲ್ಲ, ಆದರೆ ಅವು ಇಲ್ಲವೆಂಬ ಒಂದೇ ಕಾರಣಕ್ಕೆ ನೋಂದಣಿಯನ್ನು ನಿರಾಕರಿಸುವಂತಿಲ್ಲ ಎಂದು ಎನ್‌ಎಚ್‌ಎಸ್ ಇಂಗ್ಲೆಂಡಿನ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಸರ್ಜರಿಯ ರೋಗಿಗಳ ಪಟ್ಟಿ ಹೊಸಬರಿಗೆ ಮುಚ್ಚಿದ್ದರೆ ಅಥವಾ ಮನೆ ಅದರ ವ್ಯಾಪ್ತಿಯ ಹೊರಗಿದ್ದರೆ ಬೇರೆ ಮಾತು, ಆಗಲೂ ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೊಡಬೇಕು. ಇದನ್ನು ವಿನಯವಾಗಿಯೇ ಹೇಳಿದ ಮೇಲೆ ಅವರು ಒಳಗೆ ಹೋಗಿ ವಿಚಾರಿಸಿ ಬಂದು ಅರ್ಜಿಯನ್ನು ತೆಗೆದುಕೊಂಡರು. ತಂದೆತಾಯಿಯರನ್ನು ಕರೆಸಿಕೊಳ್ಳುವ ನಮ್ಮವರಲ್ಲಿ ಅನೇಕರಿಗೆ ಒಂದು ವಿಷಯ ಗೊತ್ತಿಲ್ಲವಾದ್ದರಿಂದ ಇಲ್ಲಿಯೇ ಬರೆದುಬಿಡುತ್ತೇನೆ: ಇಂಗ್ಲೆಂಡಿನಲ್ಲಿ ಜಿಪಿಯನ್ನು ಕಾಣುವುದಕ್ಕೆ ಯಾರಿಗೂ, ಸಂದರ್ಶಕರಿಗೂ, ಶುಲ್ಕವಿಲ್ಲ. ಆದರೆ ಅಲ್ಲಿಂದ ಆಸ್ಪತ್ರೆಗೆ ಕಳುಹಿಸಿದರೆ ಕಥೆಯೇ ಬೇರೆ. ಇಲ್ಲಿ ನೆಲೆಸಿರದವರಿಗೆ ಎನ್‌ಎಚ್‌ಎಸ್ ದರದ ಶೇಕಡ 150ರಷ್ಟು ಬಿಲ್ ಬರುತ್ತದೆ. ಆದ್ದರಿಂದ ಪ್ರಯಾಣದ ವಿಮೆಯನ್ನು ಮಾಡಿಸದೆ ಹಿರಿಯರನ್ನು ವಿಮಾನ ಹತ್ತಿಸಬಾರದು.

ಈಗ ಕೌಂಟರಿನ ವಿಷಯ. ಯಾವ ಕಾರಣಕ್ಕೆ ಬಂದಿರಿ ಎಂದು ರಿಸೆಪ್ಶನಿಸ್ಟ್ ಕೇಳುವುದು ಕುತೂಹಲದಿಂದಲ್ಲ; ರೋಗಿಯನ್ನು ವೈದ್ಯರ ಬಳಿಗೆ ಕಳುಹಿಸಬೇಕೆ, ನರ್ಸ್ ಬಳಿಗೆ ಕಳುಹಿಸಬೇಕೆ, ಬೀದಿಯ ಔಷಧಿ ಅಂಗಡಿಯ ಫಾರ್ಮಸಿಸ್ಟರೇ ಸಾಕೆ ಎಂದು ನಿರ್ಧರಿಸುವ ತರಬೇತಿಯನ್ನು ಅವರಿಗೆ ಕೊಟ್ಟಿರುತ್ತಾರೆ. ತೊಂದರೆಯಿರುವುದು ಆ ಪ್ರಶ್ನೆ ಕೇಳುವ ಜಾಗದಲ್ಲಿ. ನಮ್ಮ ಸರ್ಜರಿಯಲ್ಲಿ ಕೌಂಟರಿಗೂ ಮೊದಲ ಸಾಲಿನ ಕುರ್ಚಿಗಳಿಗೂ ನಡುವೆ ನಾಲ್ಕು ಹೆಜ್ಜೆಯಷ್ಟೂ ಅಂತರವಿರಲಿಲ್ಲ. ಗಾಜಿನ ಪರದೆಯ ಹಿಂದಿರುವ ಸಿಬ್ಬಂದಿಗೆ ಕೇಳಿಸಲೆಂದು ರೋಗಿಯು ಹೆಸರು, ಹುಟ್ಟಿದ ದಿನಾಂಕ, ಮನೆಯ ವಿಳಾಸ ಮತ್ತು ತನ್ನ ಬಾಧೆಯನ್ನು ಗಟ್ಟಿಯಾಗಿ ಹೇಳಬೇಕಾಗಿತ್ತು. ಒಬ್ಬ ಯುವತಿ ಗರ್ಭನಿರೋಧಕದ ವಿಷಯವಾಗಿ ಬಂದಿದ್ದಾರೆಂಬುದು, ಒಬ್ಬ ಹಿರಿಯರಿಗೆ ಮೂತ್ರದ ತೊಂದರೆಯಿದೆಯೆಂಬುದು, ಅವರು ಯಾವ ಬೀದಿಯಲ್ಲಿದ್ದಾರೆಂಬುದರ ಸಮೇತ ಕುಳಿತವರೆಲ್ಲರಿಗೂ ತಿಳಿಯುತ್ತಿತ್ತು. ಖಾಸಗಿಯಾಗಿ ಮಾತನಾಡಬೇಕಿದ್ದರೆ ತಿಳಿಸಿ, ಬೇರೆ ಕೋಣೆಗೆ ಕರೆದೊಯ್ಯುತ್ತೇವೆ ಎಂಬ ಸೂಚನೆ ಇತ್ತು ನಿಜ. ಅದನ್ನು ಅಂಟಿಸಿದ್ದದ್ದು ಫ್ಲೂ ಲಸಿಕೆಯ ದೊಡ್ಡ ಪೋಸ್ಟರಿನ ಕೆಳಗೆ, ಸಣ್ಣ ಅಕ್ಷರದಲ್ಲಿ. ಹಕ್ಕನ್ನು ಬಲ್ಲವನಿಗೆ ಮಾತ್ರ ಸಿಗುವ ಗೋಪ್ಯತೆಯನ್ನು ನಾನು ಅರ್ಧ ಗೋಪ್ಯತೆ ಎಂದೇ ಎಣಿಸುತ್ತೇನೆ. ಕಾರಣವನ್ನು ಹೇಳಲು ಇಷ್ಟವಿಲ್ಲದಿದ್ದರೆ ಇದು ಖಾಸಗಿ ವಿಷಯ ಎಂದಷ್ಟೇ ಹೇಳಬಹುದೆಂಬುದನ್ನು ಹೊಸಬರು ನೆನಪಿಟ್ಟುಕೊಳ್ಳಲಿ. ಅದಕ್ಕಾಗಿ ಯಾರೂ ಭೇಟಿಯನ್ನು ನಿರಾಕರಿಸುವುದಿಲ್ಲ.

ಇದೇ ಸರ್ಜರಿ ಕಡತಗಳ ವಿಷಯಕ್ಕೆ ಬಂದರೆ ಬೇರೆಯದೇ ಶಿಸ್ತನ್ನು ತೋರಿಸುತ್ತದೆ. ತಾಯಿಯವರ ರಕ್ತಪರೀಕ್ಷೆಯ ಫಲಿತಾಂಶವನ್ನು ಕೇಳಲು ನಾನು ಫೋನ್ ಮಾಡಿದಾಗ, ಅವರ ಒಪ್ಪಿಗೆ ದಾಖಲಾಗಿಲ್ಲದೆ ಮಗನಿಗೆ ಹೇಳಲಾಗದು ಎಂದು ನಯವಾಗಿಯೇ ತಡೆದರು. ಲ್ಯಾಬಿನವರು ವರದಿಯನ್ನು ನೇರವಾಗಿ ಮಗನ ವಾಟ್ಸಾಪಿಗೆ ಕಳುಹಿಸುವುದನ್ನು ಕಂಡು ಬೆಳೆದ ನಮಗೆ ಇದು ಕಿರಿಕಿರಿಯೇ. ಆದರೆ ಪಕ್ಕದಲ್ಲಿ ಕುಳಿತಿದ್ದ ತಾಯಿಯವರು ಫೋನ್ ತೆಗೆದುಕೊಂಡು ಒಪ್ಪಿಗೆ ಕೊಡಲು ಅರ್ಧ ನಿಮಿಷವೂ ಬೇಕಾಗಲಿಲ್ಲ, ಮತ್ತು ಆ ಅರ್ಧ ನಿಮಿಷದಲ್ಲಿ ಆ ದೇಹ ಯಾರದ್ದು ಎಂಬುದು ಇತ್ಯರ್ಥವಾಯಿತು. ರೋಗಿಯ ಮಾಹಿತಿಯನ್ನು ಅಗತ್ಯವಿದ್ದವರು, ಅಗತ್ಯವಿದ್ದಷ್ಟೇ ನೋಡಬೇಕೆಂಬ ತತ್ವ ಇಲ್ಲಿ 1997ರ ಕ್ಯಾಲ್ಡಿಕಾಟ್ ವರದಿಯಿಂದ ನೆಲೆಗೊಂಡಿದೆ. ಅದನ್ನು ಕಾಯುವ ಹೊಣೆಗಾರರನ್ನು ಇಂದಿಗೂ ಕ್ಯಾಲ್ಡಿಕಾಟ್ ಗಾರ್ಡಿಯನ್ ಎಂದೇ ಕರೆಯುತ್ತಾರೆ, ಮತ್ತು ನಮ್ಮ ಸರ್ಜರಿಯ ಗೋಪ್ಯತೆಯ ಪತ್ರದಲ್ಲಿ ಅವರು ಯಾರೆಂಬುದು ನಮೂದಾಗಿದೆ.

2023ರ ಅಕ್ಟೋಬರ್ 31ರಿಂದೀಚೆಗೆ, ಎನ್‌ಎಚ್‌ಎಸ್ ಜೊತೆಗಿನ ಕರಾರಿನ ಪ್ರಕಾರ, ಇಂಗ್ಲೆಂಡಿನ ಸರ್ಜರಿಗಳು ರೋಗಿಯ ದಾಖಲೆಯ ಹೊಸ ನಮೂದುಗಳನ್ನು ಎನ್‌ಎಚ್‌ಎಸ್ ಆ್ಯಪ್‌ನಲ್ಲಿ ರೋಗಿಗೆ ತೋರಿಸಬೇಕಾಗಿದೆ. ಉಪಯುಕ್ತವೇ, ಆದರೆ ಮನೆಯಲ್ಲಿ ಒಬ್ಬರ ಫೋನನ್ನು ಇನ್ನೊಬ್ಬರು ತೆರೆದು ನೋಡುವ ಅಭ್ಯಾಸವಿದ್ದರೆ, ಅದರಲ್ಲೂ ದಬ್ಬಾಳಿಕೆಯಿರುವ ಮನೆಯಾದರೆ, ವೈದ್ಯರೊಡನೆ ಮುಚ್ಚಿದ ಬಾಗಿಲ ಹಿಂದೆ ಆಡಿದ ಮಾತು ರಾತ್ರಿಯ ಹೊತ್ತಿಗೆ ಬೇಡವಾದವರ ಕಣ್ಣಿಗೆ ಬೀಳಬಹುದು. ಅಂಥವರು ಆ ನೋಟವನ್ನು ನಿಲ್ಲಿಸುವಂತೆ ಸರ್ಜರಿಗೆ ಹೇಳಬಹುದು. ಇನ್ನು ಸಂಶೋಧನೆ ಮತ್ತು ಯೋಜನೆಗೆ ನಮ್ಮ ಮಾಹಿತಿ ಹೋಗುವುದು ಬೇಡವೆನ್ನುವವರಿಗೆ ಎರಡು ದಾರಿಗಳಿವೆ: 2018ರ ಮೇ ತಿಂಗಳಲ್ಲಿ ಬಂದ ರಾಷ್ಟ್ರೀಯ ಆಪ್ಟ್-ಔಟ್, ಎಂದರೆ ಹೊರಗುಳಿಯುವ ಆಯ್ಕೆ, ಒಂದು, ಸರ್ಜರಿಗೇ ಅರ್ಜಿ ಕೊಟ್ಟು ಪಡೆಯುವ ಟೈಪ್ 1 ಆಪ್ಟ್-ಔಟ್ ಇನ್ನೊಂದು. 2021ರಲ್ಲಿ ಜಿಪಿ ದಾಖಲೆಗಳನ್ನು ಒಟ್ಟಾಗಿ ಸಂಗ್ರಹಿಸುವ ಯೋಜನೆ ಸಾರ್ವಜನಿಕರ ಆಕ್ಷೇಪಕ್ಕೆ ಸಿಕ್ಕಿ ಮುಂದಕ್ಕೆ ಹೋದದ್ದು ಈ ಅರ್ಜಿಯ ಬಲವನ್ನು ತೋರಿಸಿತ್ತು. ನಮ್ಮ ಸರ್ಜರಿ ಎರಡನೆಯ ಅರ್ಜಿಯನ್ನು ಕೇಳಿದ ಕೂಡಲೇ ಕೊಟ್ಟಿತು, ಏಕೆ ಎಂದು ಕೇಳಲಿಲ್ಲ.

ಹದಿಹರೆಯದ ಮಕ್ಕಳ ವಿಷಯದಲ್ಲಿ ನಮ್ಮ ಕನ್ನಡ ಬಳಗದಲ್ಲಿ ದೂರುಗಳು ಹೆಚ್ಚು. ಗಿಲಿಕ್ ಎಂಬ ಮೊಕದ್ದಮೆಯಲ್ಲಿ ಇಲ್ಲಿನ ನ್ಯಾಯಾಲಯ 1985ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ, 16 ತುಂಬದ ಮಕ್ಕಳೂ ವಿಷಯವನ್ನು ಅರಿಯುವಷ್ಟು ತಿಳಿವಳಿಕೆಯುಳ್ಳವರೆಂದು ವೈದ್ಯರಿಗೆ ಮನದಟ್ಟಾದರೆ ಚಿಕಿತ್ಸೆಗೆ ತಾವೇ ಒಪ್ಪಿಗೆ ಕೊಡಬಹುದು, ಅದನ್ನು ವೈದ್ಯರು ಹೆತ್ತವರಿಗೆ ಹೇಳದೆಯೂ ಇರಬಹುದು. ಇದರ ಬಗ್ಗೆ ಸರ್ಜರಿಯೊಡನೆ ಜಗಳಕ್ಕೆ ನಿಲ್ಲುವುದು ವ್ಯರ್ಥ.

ನಾನು ಪೂರ್ಣ ಅಂಕ ಕೊಡುವುದು ವೈದ್ಯರ ಕೋಣೆಗೆ. ದೇಹಪರೀಕ್ಷೆಯ ಸಂದರ್ಭದಲ್ಲಿ ಜೊತೆಗೆ ಒಬ್ಬ ಸಿಬ್ಬಂದಿ ಇರಬೇಕೆ ಎಂದು ವೈದ್ಯರು ತಾವಾಗಿಯೇ ಕೇಳುತ್ತಾರೆ. ರೋಗಿಯೇ ಬಾಯಿಬಿಟ್ಟು ಕೇಳುವ ಮುಜುಗರವನ್ನು ಉಳಿಸುತ್ತಾರೆ. ಇದಕ್ಕಿಂತ ದೊಡ್ಡ ಪಾಠವನ್ನು ನನಗೆ ಕಲಿಸಿದ್ದು ದುಭಾಷಿಯ ಪ್ರಸಂಗ. ತಾಯಿಯವರಿಗೆ ಇಂಗ್ಲಿಷ್ ಬಾರದ ಕಾರಣ ಭಾಷಾಂತರಕ್ಕೆ ನಾನೇ ಇದ್ದೇನೆಂದು ಹೇಳಿದ್ದೆ. ಆದರೆ ಕುಟುಂಬದವರನ್ನು ಭಾಷಾಂತರಕ್ಕೆ ಬಳಸದೆ ವೃತ್ತಿಪರ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕೆಂಬುದು ಇಲ್ಲಿನ ಮಾರ್ಗಸೂಚಿ. ಮೊದಲ ಸಲ ಭಾರತದಿಂದ ಬಂದವರೆಂದು ಹಿಂದಿಯ ದುಭಾಷಿಯನ್ನು ಗೊತ್ತುಮಾಡಿದ್ದರು! ನಲವತ್ತು ವರ್ಷ ದೇವರಾಜ ಮಾರುಕಟ್ಟೆಯಲ್ಲಿ ಕನ್ನಡದಲ್ಲಿಯೇ ಚೌಕಾಸಿ ಮಾಡಿದ ಹೆಂಗಸು ಹಿಂದಿಯಲ್ಲಿ ಹೊಟ್ಟೆನೋವನ್ನು ವರ್ಣಿಸುವುದಾದರೂ ಹೇಗೆ? ಭೇಟಿ ಮುಂದಕ್ಕೆ ಹೋಯಿತು, ಅದಕ್ಕೆ ಅರ್ಧ ನಕ್ಷತ್ರ ಕಡಿತ. ಎರಡನೆಯ ಸಲ ಫೋನಿನ ಮೂಲಕ ಕನ್ನಡದವರೇ ಸಿಕ್ಕರು, ಭೇಟಿಯ ಅವಧಿಯನ್ನೂ ದುಪ್ಪಟ್ಟು ಮಾಡಿದ್ದರು. ವೈದ್ಯೆ ನನ್ನನ್ನು ಹೊರಗೆ ಕುಳಿತುಕೊಳ್ಳುವಂತೆ ಕೋರಿದರು. ನಾನು ಹೊರಗಿದ್ದಾಗ ತಾಯಿಯವರು ಬಹಳ ಹೊತ್ತು ಮಾತನಾಡಿದರು. ಮಗನ ಬಾಯಿಂದ ಹೇಳಿಸಲಾಗದೆ ವರ್ಷಗಳಿಂದ ನುಂಗಿಕೊಂಡಿದ್ದ ಒಂದು ತೊಂದರೆಗೆ ಅಂದು ಔಷಧ ಸಿಕ್ಕಿತೆಂದು ಮಾತ್ರ ನನಗೆ ಗೊತ್ತು, ಏನೆಂದು ನಾನು ಕೇಳಲಿಲ್ಲ. ಹೆಂಡತಿಯ ಪರವಾಗಿ ಗಂಡ, ಅತ್ತೆಯ ಪರವಾಗಿ ಸೊಸೆ ಮಾತನಾಡುವುದನ್ನೇ ಪ್ರೀತಿಯೆಂದು ತಿಳಿದಿರುವ ನಮ್ಮ ಕುಟುಂಬಗಳು ಈ ಸೌಲಭ್ಯವನ್ನು ಹಟ ಹಿಡಿದಾದರೂ ಕೇಳಿ ಪಡೆಯಬೇಕು, ಭಾಷೆಯ ಜಾಗದಲ್ಲಿ ಕನ್ನಡ ಎಂದು ಬರೆಸಬೇಕು.

ಕೌಂಟರಿನ ವಿಷಯವಾಗಿ ನಾನು ಸರ್ಜರಿಯ ಆಡಳಿತ ನೋಡಿಕೊಳ್ಳುವ ಪ್ರಾಕ್ಟೀಸ್ ಮ್ಯಾನೇಜರರಿಗೆ ಬರಹದಲ್ಲಿ ದೂರು ಕೊಟ್ಟೆ. ಘಟನೆ ನಡೆದ ಅಥವಾ ತಿಳಿದುಬಂದ 12 ತಿಂಗಳೊಳಗೆ ದೂರು ಕೊಡಬೇಕು, ಅದು ತಲುಪಿತೆಂದು ಮೂರು ಕೆಲಸದ ದಿನಗಳಲ್ಲಿ ಸರ್ಜರಿ ತಿಳಿಸಬೇಕು. ಸರ್ಜರಿಗೇ ಕೊಡಲು ಹಿಂಜರಿಕೆಯಿದ್ದರೆ ಆ ಪ್ರದೇಶದ ಎನ್‌ಎಚ್‌ಎಸ್ ಸೇವೆಗಳನ್ನು ನೋಡಿಕೊಳ್ಳುವ ಇಂಟಿಗ್ರೇಟೆಡ್ ಕೇರ್ ಬೋರ್ಡಿಗೆ ಕೊಡಬಹುದು, ಉತ್ತರ ಸಮಾಧಾನ ತರದಿದ್ದರೆ ಇಂಥ ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವ ಓಂಬುಡ್ಸ್‌ಮನ್ ಕಚೇರಿಯಿದೆ. ನನಗೆ ಅಷ್ಟು ದೂರ ಹೋಗುವ ಅಗತ್ಯ ಬೀಳಲಿಲ್ಲ. ಕುರ್ಚಿಗಳನ್ನು ಹಿಂದಕ್ಕೆ ಸರಿಸಿದರು, ಸರದಿಯಲ್ಲಿ ನಿಲ್ಲುವವರಿಗೆ ನೆಲದ ಮೇಲೆ ಗೆರೆ ಎಳೆದರು, ಆ ಸಣ್ಣ ಸೂಚನೆಯನ್ನು ದೊಡ್ಡದಾಗಿ ಮುದ್ರಿಸಿ ಗಾಜಿಗೇ ಅಂಟಿಸಿದರು. ಹುಟ್ಟಿದ ದಿನಾಂಕವನ್ನು ಮಾತ್ರ ಈಗಲೂ ಕೂಗಿಯೇ ಹೇಳಬೇಕು, ಆದ್ದರಿಂದ ಕಳೆದ ಅಂಕವನ್ನು ಪೂರ್ತಿಯಾಗಿ ಮರಳಿಸಿಲ್ಲ.

ರೋಗಿಯ ಹೊಣೆಗಳ ವಿಷಯದಲ್ಲಿ ಸರ್ಜರಿಯ ದನಿ ತುಸು ಗಡುಸಾಗಿದೆ. 2009ರಲ್ಲಿ ಮೊದಲು ಪ್ರಕಟವಾದ ಎನ್‌ಎಚ್‌ಎಸ್ ಸಂವಿಧಾನದಲ್ಲಿ ಹಕ್ಕುಗಳ ಜೊತೆಗೇ ರೋಗಿಯ ಹೊಣೆಗಳನ್ನೂ ಬರೆದಿದ್ದಾರೆ. 2025ರ ಅಕ್ಟೋಬರಿನಲ್ಲಿ ಬಂದ ‘ಯು ಅಂಡ್ ಯುವರ್ ಜನರಲ್ ಪ್ರಾಕ್ಟೀಸ್’ ಎಂಬ ಸನ್ನದೂ ಅದೇ ಕ್ರಮವನ್ನು ಅನುಸರಿಸುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 8ರಿಂದ ಸಂಜೆ 6.30ರ ತನಕ ಫೋನಿನಲ್ಲಾಗಲಿ, ಆನ್‌ಲೈನಿನಲ್ಲಾಗಲಿ, ಖುದ್ದಾಗಿಯಾಗಲಿ ಕೇಳಬಹುದು, ಮುಂದೇನೆಂದು ಒಂದು ಕೆಲಸದ ದಿನದೊಳಗೆ ತಿಳಿಸುತ್ತೇವೆ ಎಂಬುದು ಅವರ ಮಾತು. ಬರಲಾಗದಿದ್ದರೆ ಮೊದಲೇ ತಿಳಿಸಿ, ಸಿಬ್ಬಂದಿಯೊಡನೆ ಮರ್ಯಾದೆಯಿಂದ ನಡೆದುಕೊಳ್ಳಿ ಎಂಬುದು ನಮ್ಮ ಪಾಲಿನದು. ಹಿಂಸೆ ಅಥವಾ ಬೆದರಿಕೆಯಿಂದ ಪೊಲೀಸರಿಗೆ ದೂರು ಹೋದರೆ ಪಟ್ಟಿಯಿಂದ ಕೂಡಲೇ ತೆಗೆಯುತ್ತಾರೆ. ಬೇರೆ ಕಾರಣಗಳಿಗೆ ಸಾಮಾನ್ಯವಾಗಿ ಮೊದಲು ಎಚ್ಚರಿಕೆ ಕೊಡಬೇಕು. ಗೋಡೆಯ ತುಂಬ ಈ ಎಚ್ಚರಿಕೆಗಳೇ ಕಾಣುವಾಗ, ದೂರು ಕೊಡುವ ವಿಧಾನದ ಕಾಗದ ಕೇಳಿದವರಿಗೆ ಮಾತ್ರ ಡ್ರಾಯರಿನಿಂದ ಹೊರಬರುವುದು ನನಗೆ ಹಿಡಿಸಲಿಲ್ಲ.

ನಮ್ಮವರು ಹೆಚ್ಚಾಗಿ ಮರೆಯುವ ಹೊಣೆಯೆಂದರೆ ಊರಿನಿಂದ ತಂದ ಮಾತ್ರೆಗಳ ವಿವರ ಕೊಡುವುದು. ಭಾರತದ ಬ್ರಾಂಡ್ ಹೆಸರುಗಳು ಇಲ್ಲಿ ಪರಿಚಿತವಲ್ಲ, ರಕ್ತದೊತ್ತಡದ ಎರಡು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿರುವುದೂ ಉಂಟು; ಸ್ಟ್ರಿಪ್‌ನ ಹಿಂಬದಿಯಲ್ಲಿರುವ ಔಷಧದ ಮೂಲ ಹೆಸರು ಮತ್ತು ಪ್ರಮಾಣವನ್ನು ಬರೆದುಕೊಂಡು ಹೋದರೆ ಇಬ್ಬರಿಗೂ ಸಮಯ ಉಳಿಯುತ್ತದೆ. ಹಾಗೆಯೇ ಮೂರು ತಿಂಗಳಿಗಿಂತ ಹೆಚ್ಚು ಕಾಲಕ್ಕೆ ಭಾರತಕ್ಕೆ ಹೊರಡುವವರು ಸರ್ಜರಿಗೆ ತಿಳಿಸಬೇಕು, ಅಷ್ಟು ದೀರ್ಘ ಅವಧಿಯ ಔಷಧವನ್ನು ಎನ್‌ಎಚ್‌ಎಸ್ ಒದಗಿಸುವುದಿಲ್ಲ. ಹಿಂತಿರುಗುವ ಹಿರಿಯರಿಗೆ ಇಲ್ಲಿನ ದಾಖಲೆಯ ಪ್ರತಿಯನ್ನು ಪಡೆಯುವ ಹಕ್ಕಿದೆ. ಸಾಮಾನ್ಯವಾಗಿ ಉಚಿತ, ಆದರೆ ಕೊಡಲು ಸರ್ಜರಿಗೆ ಒಂದು ತಿಂಗಳ ಕಾಲಾವಕಾಶವಿರುವುದರಿಂದ ವಿಮಾನದ ಟಿಕೆಟ್ ತೆಗೆಸಿದ ವಾರವೇ ಅರ್ಜಿ ಹಾಕಬೇಕು. ನಮ್ಮ ಸರ್ಜರಿಯವರು ತಾಯಿಯವರ ರಕ್ತಪರೀಕ್ಷೆಗಳ ಮತ್ತು ಹೊಸ ಔಷಧದ ವಿವರವನ್ನು ಗಡುವಿಗಿಂತ ಮುಂಚೆಯೇ, ಮುಚ್ಚಿದ ಲಕೋಟೆಯಲ್ಲಿ, ಅವರ ಸಹಿ ಪಡೆದು ಅವರ ಕೈಗೇ ಕೊಟ್ಟರು.